ಪುರಿಗೂ ನೀರಿಗೂ ಆಗಿಬರುವುದಿಲ್ಲ

ಪುರಿ, ಈರುಳ್ಳಿ, ಟೊಮ್ಯಾಟೊ, ತುರಿದ ಕ್ಯಾರೆಟ್ಟು, ಕೊತ್ತಂಬರಿ ಸೊಪ್ಪು, ಖಾರದ ಪುಡಿ, ಉಪ್ಪು, ಒಂದು ಚಮಚ ಕೊಬ್ಬರಿ ಎಣ್ಣೆ, ಹಿಂಡಲು ನಿಂಬೆಹಣ್ಣು. ನಿಪ್ಪಟ್ಟೊಂದನ್ನು ಮುರಿದು ಉದುರಿಸಿದರೆ ಇನ್ನೂ ಚೆಂದ. ಚುರುಮುರಿಗೆ ಬೇಕಾದದ್ದು ಇಷ್ಟೇ. ಇಷ್ಟನ್ನು ಕಲಸಲು ಯಾರ ಹಂಗೇಕೆ ಎಂದು ಮನೆಯಲ್ಲೇ ಕೂತು ಕಲಸಿದವರು ಸಾಮಾನ್ಯವಾಗಿ ತಿನ್ನುವುದು ಒದ್ದೆ ಪುರಿ. ಗಾಡಿಯವನ ಗುಟ್ಟು ಸಾಮಾನಿನಲ್ಲಿಲ್ಲ, ಸರದಿಯಲ್ಲಿದೆ. ಈರುಳ್ಳಿ, ಖಾರ, ಉಪ್ಪು, ಎಣ್ಣೆ ಮೊದಲು ಪಾತ್ರೆಯಲ್ಲಿ ಒಂದಾಗಬೇಕು. "ಖಾರ ಮುಂದಾಗಿರ್ಲಾ ಅಣ್ಣ?" ಎಂದು ಕೇಳಿ, ನೀವು ಹೂಂ ಅಂದಮೇಲೆ ಪುರಿ ಬೀಳುತ್ತದೆ. ನಾಲ್ಕು ಸಲ ಕೈಯಾಡಿಸಿದನೋ ಇಲ್ಲವೋ, ಪೊಟ್ಟಣ ನಿಮ್ಮ ಕೈಲಿ. ಮುದ್ರಿಸಿದ ಪತ್ರಿಕೆಯಲ್ಲಿ ತಿಂಡಿ ಕಟ್ಟಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದೆ. ಹಾಗಾಗಿ ಈಗೀಗ ಬಿಳಿ ಕಾಗದವೂ ಕಾಣಸಿಗುತ್ತದೆ. ಓದುತ್ತಾ ತಿನ್ನುವ ಸುಖ ಹೋಯಿತು, ಹೋಗಲಿ.

ಚುರುಮುರಿಯ ವಿದ್ಯೆಯೆಲ್ಲ ನೀರನ್ನು ದೂರವಿಡುವ ವಿದ್ಯೆ. ತಮಾಷೆಯೆಂದರೆ, ಪುರಿಯನ್ನು ಅರಳಿಸಿದ್ದೂ ನೀರೇ. ಭತ್ತವನ್ನು ನೆನೆಸಿ, ಬಿಸಿಮಾಡಿ, ಒಣಗಿಸಿ, ಅಕ್ಕಿ ಮಾಡಿ, ಉಪ್ಪುನೀರು ಹಚ್ಚಿ ಭಟ್ಟಿಯ ಕಾದ ಮರಳಿಗೆ ಸುರಿದಾಗ ಕಾಳಿನೊಳಗೆ ಉಳಿದಿದ್ದ ತೇವ ಆವಿಯಾಗಿ ಒಳಗಿಂದ ತಳ್ಳುತ್ತದೆ. ಕೆಲವೇ ಸೆಕೆಂಡಿನಲ್ಲಿ ಕಾಳು ಉಬ್ಬುತ್ತದೆ. ಒಮ್ಮೆ ಉಬ್ಬಿದ ಮೇಲೆ ಮೈಯೆಲ್ಲ ತೂತು. ಹೆತ್ತ ನೀರು ಮತ್ತೆ ಹತ್ತಿರ ಬಂದರೆ ಗರಿಗರಿಯೆಲ್ಲ ಅಲ್ಲಿಗೆ ಮುಗಿಯಿತು.

ಇದರ ಪರೀಕ್ಷೆಗೆ ಹಾಸನ ಜಿಲ್ಲೆಯಷ್ಟು ಒಳ್ಳೆಯ ಜಾಗ ಇಲ್ಲ. ಅರಸೀಕೆರೆ ಬಯಲುಸೀಮೆ. ಹುಬ್ಬಳ್ಳಿ, ಬೆಂಗಳೂರು, ಮೈಸೂರು ಮೂರೂ ಕಡೆಯ ಹಳಿಗಳು ಸೇರುವ ಜಂಕ್ಷನ್ ಅದು. ಊರಿನ ಸುತ್ತ ತೆಂಗಿನ ತೋಟ, ಒಣಗಾಳಿ. ರೈಲು ಕಾಯುತ್ತಾ ಪೊಟ್ಟಣ ಬಿಚ್ಚಿದರೆ ಕೊನೆಯ ಹಿಡಿಯೂ ಸದ್ದು ಮಾಡುತ್ತದೆ. ಅಲ್ಲಿಂದ ಪಶ್ಚಿಮಕ್ಕೆ ಜಾವಗಲ್ ದಾಟಿ ಹಳೇಬೀಡಿಗೆ ಬನ್ನಿ. ಹಿಂದಿನ ದೋರಸಮುದ್ರವೇ ಇದು, ಆ ಹೆಸರಿನ ಕೆರೆ ಇನ್ನೂ ಊರ ಪಕ್ಕದಲ್ಲೇ ಇದೆ. ಇನ್ನು 16 ಕಿಲೋಮೀಟರು ಹೋದರೆ ಯಗಚಿ ದಂಡೆಯ ಬೇಲೂರು, ಮಲೆನಾಡಿನ ಹೊಸ್ತಿಲು. ಆಷಾಢದಲ್ಲಿ ಅಲ್ಲಿ ಚುರುಮುರಿ ಕೊಂಡು, ದೇವಸ್ಥಾನ ನೋಡಿ ಬಂದು ತಿನ್ನೋಣ ಎಂದವರಿಗೆ ದೇವರೇ ಗತಿ.

ಆದರೂ ಹಾಗೆ ಮಾಡುವವರಿದ್ದಾರೆ. 2023ರಲ್ಲಿ ದೇವಸ್ಥಾನ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಗೈಡುಗಳಿಗೆ ಹುರುಪು ಬಂದಿದೆ. 1117ರ ಚೆನ್ನಕೇಶವನ ಗುಡಿಯಲ್ಲಿ ದರ್ಪಣಸುಂದರಿಯ ಎದುರು ನಿಲ್ಲಿಸಿ ಅವರು ಹೇಳುವ ಮಾತುಗಳಲ್ಲಿ ನನಗೆ ತುಂಬ ಹಿಡಿಸುವುದು ಕಲ್ಲಿನ ಮಾತು: ಈ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿರುತ್ತದೆ, ಗಾಳಿಗೆ ಬಿದ್ದಂತೆಲ್ಲ ಗಟ್ಟಿಯಾಗುತ್ತದೆ. ಪುರಿಯದು ಇದರ ತದ್ವಿರುದ್ಧ. ಹುಟ್ಟುವಾಗಲೇ ಗಟ್ಟಿ, ಗಾಳಿಗೆ ಬಿದ್ದಂತೆಲ್ಲ ಮೆತ್ತಗೆ. ಶಿಲ್ಪಿಗಾದರೆ ಕುಸುರಿ ಮಾಡಲು ಕಲ್ಲು ಸಾವಕಾಶ ಕೊಟ್ಟಿತು. ಗಾಡಿಯವನಿಗೆ ಪುರಿ ಕೊಡುವುದು ಎರಡು ನಿಮಿಷ.

ನೀರಿನ ಕಾಟಕ್ಕೆ ಒಂದೊಂದು ಸೀಮೆಯದು ಒಂದೊಂದು ಉಪಾಯ. ಬಂಗಾಳದವರು ತಮ್ಮ ಝಾಲ್ ಮುರಿಗೆ ಘಾಟು ಹೊಡೆಯುವ ಹಸಿ ಸಾಸಿವೆ ಎಣ್ಣೆ ಸವರುತ್ತಾರೆ. ಕಡಲೆಕಾಯಿ, ಹಸಿಮೆಣಸಿನಕಾಯಿ, ಬೇಯಿಸಿದ ಆಲೂಗಡ್ಡೆ ಸೇರಿಸಿ ತಗಡಿನ ಡಬ್ಬಿಯಲ್ಲಿ ಕಲಕಿ, ಮೇಲೆ ತೆಂಗಿನಕಾಯಿ ಚೂರು ಸಿಕ್ಕಿಸಿ ಕೊಡುತ್ತಾರೆ. ತೆಂಗಿನ ಸೀಮೆಯವರು ನಾವು, ಕಾಯಿ ಚೂರಿಡುವ ಬುದ್ಧಿ ಬಂದದ್ದು ಅವರಿಗೆ. ನಮ್ಮಲ್ಲಿ ಕಾಯಿ ಬರುವುದು ಎಣ್ಣೆಯ ವೇಷದಲ್ಲಿ ಮಾತ್ರ. ಮುಂಬಯಿಯ ಭೇಲ್ ಹುಣಸೆಯ ಸಿಹಿ ಚಟ್ನಿಯನ್ನು ಮೈಮೇಲೆ ಎಳೆದುಕೊಳ್ಳುತ್ತದೆ, ಅದನ್ನು ಓಡಿ ಓಡಿ ತಿನ್ನಬೇಕು. ಹುಬ್ಬಳ್ಳಿ-ಧಾರವಾಡದ ಗಿರ್ಮಿಟ್ಟು ಇನ್ನೂ ಜಾಣ. ಹುಣಸೆ, ಬೆಲ್ಲ, ಈರುಳ್ಳಿಯ ಒಗ್ಗರಣೆ ಗೊಜ್ಜನ್ನು ಧಾರಾಳವಾಗಿ ಹಾಕಿ, ಪುಟಾಣಿ ಹಿಟ್ಟು ಉದುರಿಸುತ್ತದೆ. ಹೆಚ್ಚಿನ ಪಸೆಯನ್ನು ಹಿಟ್ಟು ಕುಡಿದುಬಿಡುತ್ತದೆ. ಮಂಡಕ್ಕಿ ಭಟ್ಟಿಗಳದೇ ಒಂದು ಬಡಾವಣೆ ಇರುವ ದಾವಣಗೆರೆಯವರು ಜಗಳಕ್ಕೇ ಹೋಗುವುದಿಲ್ಲ. ಮಂಡಕ್ಕಿ ಮೆತ್ತಗಾದರೆ ಆಗಲಿ, ಪಕ್ಕದಲ್ಲಿ ಬಿಸಿ ಮೆಣಸಿನಕಾಯಿ ಬಜ್ಜಿ ಇದೆಯಲ್ಲ.

ನನ್ನ ಪಕ್ಷಪಾತ ಕೊಬ್ಬರಿ ಎಣ್ಣೆಗೇ. ಸಾಸಿವೆ ಎಣ್ಣೆ ಮೂಗಿಗೇರಿ ಮಿಕ್ಕ ರುಚಿಗಳನ್ನೆಲ್ಲ ಗದರುತ್ತದೆ. ಕೊಬ್ಬರಿ ಎಣ್ಣೆ ಖಾರವನ್ನು ಹೊತ್ತು ಪುರಿಗೆ ಹಚ್ಚಿ, ತಾನು ಹಿಂದೆ ಸರಿಯುತ್ತದೆ. ಹಳೆಯ ಎಣ್ಣೆಯಾದರೆ ಮಾತ್ರ ಕಮಟು ಮೊದಲ ತುತ್ತಿಗೇ ಗೊತ್ತಾಗುತ್ತದೆ.

ಇನ್ನು ಜಾತ್ರೆಯ ಪುರಿ. ಚೈತ್ರದಲ್ಲಿ ಬೇಲೂರ ತೇರು ಮುಗಿಸಿ ಬರುವವರು ಬೆಂಡು, ಬತ್ತಾಸು, ಕಡ್ಲೆಪುರಿ ಕಟ್ಟಿಸಿಕೊಂಡೇ ಬರಬೇಕು. ನೆಂಟರಿಷ್ಟರಿಗೆ ಹಂಚಿದ ಮೇಲೂ ಡಬ್ಬದಲ್ಲಿ ಉಳಿಯುತ್ತದೆ. ಕೊಂಚ ಮೆತ್ತಗಾಗಿದ್ದರೆ ಬಾಣಲೆಯಲ್ಲಿ ಬರಿದೇ ಬಿಸಿಮಾಡಿ, ತೇವ ಹೋಗಿ ಗರಿಗರಿ ಮರಳುತ್ತದೆ. ತೀರಾ ಕೆಟ್ಟು ರಬ್ಬರಾಗಿದ್ದರೆ ಹಟ ಬಿಟ್ಟು ನೀರಿಗೇ ಒಪ್ಪಿಸಿಬಿಡಿ. ಒಮ್ಮೆ ಅದ್ದಿ, ತೆಗೆದು, ಹಿಂಡಿ, ಸಾಸಿವೆ, ಕರಿಬೇವು, ಈರುಳ್ಳಿ, ಹಸಿಮೆಣಸಿನಕಾಯಿಯ ಒಗ್ಗರಣೆಗೆ ಹಾಕಿ, ಹುರಿಗಡಲೆ ಪುಡಿ ಉದುರಿಸಿ ಮುಚ್ಚಿಡಿ. ಬಳ್ಳಾರಿ ಕಡೆಯವರು ಇದನ್ನೇ ಸುಸಲ ಎಂದು ಬೆಳಗಿನ ತಿಂಡಿಗೆ ತಿನ್ನುತ್ತಾರೆ. ಜೊತೆಗೆ ಕಾಫಿ ಇರಲಿ.