ಪಂಪ್‌ಸೆಟ್ಟು ನಿಂತ ಮೇಲೆ ಕೇಳಿಸಿದ ಹೊಳೆ

ದೇವನೂರಿನ ಗೆಳೆಯನ ಮನೆ ಜಗಲಿಯ ಮೇಲೆ ನೀಲಿ ರಬ್ಬರಿನದೊಂದು ಮುದ್ದೆ ಬಿದ್ದಿದೆ. ಅದರ ಮೂತಿಗೆ ಪಂಪು ಸಿಕ್ಕಿಸಿ ನನ್ನ ಅಕ್ಕನ ಮಗ ಒಂದೇ ಸಮನೆ ತುಳಿಯುತ್ತಿದ್ದಾನೆ. ಸುತ್ತ ಒಂದಿಪ್ಪತ್ತು ಮಕ್ಕಳು, ನಾಲ್ಕು ಕೋಳಿ, ಡೈರಿಗೆ ಹಾಲು ಹಾಕಿ ಬಂದ ಇಬ್ಬರು ಹೆಂಗಸರು. ಮುದ್ದೆ ಮೆಲ್ಲಗೆ ಉಬ್ಬುತ್ತದೆ, ಹೀರೇಕಾಯಿಯ ಆಕಾರ ತಾಳುತ್ತದೆ, ಕೊನೆಗೆ ಹತ್ತಡಿ ಉದ್ದದ ದೋಣಿಯಾಗುತ್ತದೆ. ‘ಇದ್ರಲ್ಲಿ ಮನಿಕತ್ತೀರಾ, ಇಲ್ಲಾ ತೇಲ್ತೀರಾ?’ ಎಂದು ಒಬ್ಬಾಕೆ ಕೇಳುತ್ತಾಳೆ. ಎರಡೂ ಎಂದರೆ ಆಕೆ ನಂಬುವ ಹಾಗಿಲ್ಲ.

ಹುಡುಗ ಇರುವುದು ಕೆನಡಾದಲ್ಲಿ. ಅಲ್ಲಿ ಆಲ್ಗಾಂಕ್ವಿನ್ ಎಂಬ ಕಾಡಿದೆ. 1893ರಿಂದಲೂ ಅದನ್ನು ಕಾಡಾಗಿಯೇ ಕಾಪಾಡಿದ್ದಾರೆ. ದೋಣಿ ಹೋಗುವ ದಾರಿಯೇ 2000 ಕಿಲೋಮೀಟರಿಗೂ ಹೆಚ್ಚು. ಕೆರೆಯಿಂದ ಕೆರೆಗೆ ಹುಟ್ಟು ಹಾಕುತ್ತ ಹೋಗುವುದು, ನಡುವೆ ನೆಲ ಬಂದರೆ ದೋಣಿಯನ್ನೇ ತಲೆಯ ಮೇಲೆ ಹೊತ್ತು ನಡೆಯುವುದು, ಸಂಜೆಗೆ ಗುಡಾರ ಹೊಡೆಯುವುದು. ರಜೆಯ ದಿನಕ್ಕೆ ಒಳ್ಳೆಯ ಜಾಗ ಬೇಕೆಂದರೆ ಐದು ತಿಂಗಳ ಮೊದಲೇ ಕಾದಿರಿಸುತ್ತಾರಂತೆ. ‘ನಮ್ಮಲ್ಲಿ ಇಷ್ಟೊಂದು ಹೊಳೆ ಇದೆಯಲ್ಲ ಮಾವ, ಒಂದು ರಾತ್ರಿಗೆ ಯಾರೂ ಇಲ್ಲದ ದಡ ಸಿಗಲ್ವಾ?’ ಎಂದಿದ್ದ. ಗಣರಾಜ್ಯೋತ್ಸವ ಶುಕ್ರವಾರ ಬಂದಿತ್ತು. ಮೂರು ದಿನದ ರಜೆಗೆ ಬೆಂಗಳೂರಿಗೆ ಬೆಂಗಳೂರೇ ಮೈಸೂರು ರಸ್ತೆಗೆ ಇಳಿದಿತ್ತು.

ಅವನ ಮೊದಲ ಆಸೆ ಕಬಿನಿಯ ಹಿನ್ನೀರು. ಅದರ ಒಂದು ದಡಕ್ಕೆ ನಾಗರಹೊಳೆ, ಇನ್ನೊಂದಕ್ಕೆ ಬಂಡೀಪುರ. ಹುಲಿಗಳಿಗೆ ಬಿಟ್ಟುಕೊಟ್ಟ ಕಾಡು. ಅಲ್ಲಿ ಗುಡಾರ ಹೊಡೆದರೆ ಆನೆಗಿಂತ ಮೊದಲು ಫಾರೆಸ್ಟಿನವರು ಬರುತ್ತಾರೆ ಎಂದೆ. ಹಾಗಾಗಿ ಅಣೆಕಟ್ಟಿನ ಕೆಳಗೆ, ಅದೇ ಕಬಿನಿ ಕಪಿಲೆಯೆನಿಸಿಕೊಂಡು ಊರೂರು ಮಾತಾಡಿಸುತ್ತ ಹರಿಯುವ ಈ ಸೀಮೆಗೆ ಬಂದೆವು.

ದೇವನೂರೆಂದರೆ ನನ್ನಂಥ ಓದುಗರಿಗೆ ದೇವನೂರ ಮಹಾದೇವರ ಊರು. ಅವರ ‘ಕುಸುಮಬಾಲೆ’ಯ ನುಡಿಯನ್ನು ನಾನು ಬೆರಳಿಟ್ಟು, ತಡವರಿಸಿ ಓದಿದ್ದವನು. ಇಲ್ಲಿ ಅದೇ ನುಡಿ ಟೀ ಅಂಗಡಿಯ ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದೆ. ಹೊಳೆ ಹತ್ತಿರ ಯಾರೂ ಇಲ್ಲದ ಜಾಗ ಎಲ್ಲಿದೆ ಎಂದು ಕೇಳಿದೆವು. ಬೆಂಚು ಒಂದು ಗಳಿಗೆ ಸುಮ್ಮನಾಯಿತು. ಆಮೇಲೆ ಹಿರಿಯರೊಬ್ಬರು ಮೆಲುದನಿಯಲ್ಲಿ, ‘ಯಾಕ ಸ್ವಾಮಿ, ಮನೇಲಿ ಏನಾರ ಮನಸ್ತಾಪವಾ?’ ಎಂದರು.

ಮೊದಲು ನಂಜನಗೂಡು. ಹೊಳೆ ತುಂಬಿದಾಗ ಮುಳುಗುವ ಹದಿನಾರು ಕಾಲು ಮಂಟಪ ಈಗ ಬಿಸಿಲಲ್ಲಿ ಮೈ ಒಣಗಿಸಿಕೊಳ್ಳುತ್ತಿದೆ. ಮೆಟ್ಟಿಲ ತುಂಬ ಮುಡಿ ಕೊಟ್ಟ ಹೊಸ ಬೋಡುತಲೆಗಳು, ಹಿಂಡಿ ಹರವಿದ ಸೀರೆಗಳು, ಶಾಂಪೂ ಚೀಟಿಗಳು. 1735ರ ಕಲ್ಲಿನ ಸೇತುವೆಯ ಮೇಲೆ ಒಂದು ಕಾಲಕ್ಕೆ ಬಸ್ಸೂ ರೈಲೂ ಎರಡೂ ಓಡಾಡುತ್ತಿದ್ದವು ಎಂದು ನಾನು ಬೆರಳು ಮಾಡಿ ತೋರಿಸುವಷ್ಟರಲ್ಲಿ ನಮ್ಮ ನೀಲಿ ದೋಣಿಯ ಮುಂದೆ ಸಾಲು ನಿಂತಿದೆ. ‘ಒಂದು ರೌಂಡಿಗೆ ಎಷ್ಟು?’ ದೋಣಿ ಮಡಚಿ ಓಡಿದೆವು. ದಕ್ಕಿದ್ದು ಒಂದು ಚಿಪ್ಪು ರಸಬಾಳೆ. ಅದರ ಘಮ ಮೂರು ದಿನ ಕಾರು ಬಿಟ್ಟು ಇಳಿಯಲಿಲ್ಲ.

ಹದಿನಾರು ಕಾಲಿನಿಂದ ಹದಿನಾರಿಗೆ. ಮೈಸೂರು ಅರಸರ ಮೂಲಪುರುಷ ಯದುರಾಯ 1399ರಲ್ಲಿ ಮೊದಲು ಕಾಲಿಟ್ಟದ್ದು ಈ ಊರಿಗೆ ಎನ್ನುತ್ತಾರೆ. ನಮಗೆ ಕಂಡ ಅರಸರು ಬೇರೆ. ಕೆರೆಯ ನಡುವೆ ನೂರಾರು ಬೂದು ಬಿಳುಪಿನ ಹಕ್ಕಿಗಳು, ನೆತ್ತಿಯ ಹಿಂದೆ ಎರಡೆರಡು ಕಪ್ಪು ಗೀಟು: ಪಟ್ಟೆತಲೆ ಹೆಬ್ಬಾತುಗಳು. ಹಿಮಾಲಯ ದಾಟಿ ಚಳಿಗಾಲ ಕಳೆಯಲು ಬರುವ ನೆಂಟರು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿ ಬಿಟ್ಟ ಹಕ್ಕಿಗಳು ಈ ಕೆರೆಯಲ್ಲಿ ಕಂಡದ್ದುಂಟು. ಇವು ಹಗಲೆಲ್ಲ ನೀರಲ್ಲಿ ತೂಕಡಿಸುತ್ತವೆ, ಊರು ಮಲಗಿದ ಮೇಲೆ ಗದ್ದೆಗಿಳಿದು ಮೇಯುತ್ತವೆ. ಏರಿಯ ಮೇಲೆ ಬೈಕು, ಬಟ್ಟೆ ಒಗೆಯುವ ಸದ್ದು, ಎಮ್ಮೆ. ಯಾವುದಕ್ಕೂ ಅವು ತಲೆ ಕೆಡಿಸಿಕೊಂಡಿಲ್ಲ. ‘ಐದು ತಿಂಗಳ ಮುಂಚೆ ಬುಕ್ ಮಾಡಿರಬೇಕು’ ಎಂದ ಹುಡುಗ.

ಸುತ್ತೂರಿನಲ್ಲಿ ಹೊಳೆದಂಡೆ ಸುಂದರವಾಗಿದೆ, ಆದರೆ ಜಾತ್ರೆ ಹತ್ತಿರ ಬಂದಿದೆ. ಚಪ್ಪರದ ಗಳ ಹೊತ್ತ ಲಾರಿಗಳು ಸಾಲಾಗಿ ನಿಂತಿವೆ. ಲಕ್ಷಾಂತರ ಜನರಿಗೆ ದಾಸೋಹ ನಡೆಯುವ ಜಾಗದಲ್ಲಿ ಏಕಾಂತ ಹುಡುಕುವುದು ಮದುವೆಮನೆಯಲ್ಲಿ ಉಪವಾಸ ಹುಡುಕಿದ ಹಾಗೆ. ಕಬ್ಬಿನ ಟ್ರ್ಯಾಕ್ಟರೊಂದರ ಹಿಂದೆ ಆಮೆನಡಿಗೆಯಲ್ಲಿ ತಿರುಮಕೂಡಲು ನರಸೀಪುರ ಸೇರಿದೆವು.

ಕಾವೇರಿಗೆ ಕಪಿಲೆ ಬಂದು ಕೂಡುವ ಸಂಗಮ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ಮೂರು ಕೂಡಲು. 1989ರಿಂದ ಮೂರು ವರ್ಷಕ್ಕೊಮ್ಮೆ ಇಲ್ಲಿ ಕುಂಭಮೇಳ. ಗುಂಜಾ ನರಸಿಂಹನ ಕೈಯಲ್ಲೊಂದು ಗುಲಗಂಜಿ ಇದೆ: ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ಲೆಕ್ಕ. ಅಷ್ಟು ಸಣ್ಣ ಹೆಚ್ಚಳವನ್ನು ಇಷ್ಟು ಖಚಿತವಾಗಿ ತೂಗಿದವರ ತಕ್ಕಡಿಗೆ ಹುಡುಗ ಬೆರಗಾದ.

ಅಷ್ಟರಲ್ಲಿ ಮರಳಿನ ಮೇಲೆ ದೊಡ್ಡದೊಂದು ಆಮೆ ಎರಡು ಕಾಲಲ್ಲಿ ನಡೆದು ಬರುತ್ತಿದೆ. ಹತ್ತಿರ ಬಂದಾಗ ನೋಡಿದರೆ, ಹರಿಗೋಲನ್ನು ಬೆನ್ನಿಗೆ ಬೋರಲು ಹಾಕಿಕೊಂಡ ಅಂಬಿಗ! ‘ಮಾವ, ನಮ್ಮಲ್ಲೂ ಹೀಗೇ ಹೊರೋದು!’ ಎಂದು ಹುಡುಗ ಕುಣಿದ. ಬಿದಿರ ದಬ್ಬೆ ಹೆಣೆದ ಬುಟ್ಟಿ ಅದು. ಹಿಂದೆ ತೊಗಲು ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೀಲದ ಮೇಲೆ ಡಾಂಬರು. ಹುಟ್ಟು ಇಸಿದುಕೊಂಡು ಹುಡುಗ ಪಕ್ಕದಲ್ಲಿ ಎಳೆದ. ಹರಿಗೋಲು ನಿಂತಲ್ಲೇ ಬುಗುರಿಯಾಯಿತು. ಅಂಬಿಗ ನಕ್ಕು, ಹುಟ್ಟನ್ನು ಎದುರಿಗೆ ನೇರ ಇಳಿಬಿಟ್ಟು, ನೀರನ್ನು ಬಲಕ್ಕೊಮ್ಮೆ ಎಡಕ್ಕೊಮ್ಮೆ ತನ್ನತ್ತ ಬಳಿದುಕೊಂಡ. ಮುದ್ದೆ ತಿರುವುವ ಕೈ ಅದೇ. ಹರಿಗೋಲು ಬಾಲ ಮುದುರಿಕೊಂಡು ನೇರ ನಡೆಯಿತು.

‘ಇಲ್ಲಿ ಬ್ಯಾಡ ಸ್ವಾಮಿ, ಎರಡು ಹೊಳೆ ಸೇರೋ ಕಡೆ ಸುಳಿ ಅವ’ ಎಂದು ಆತನೇ ದಾರಿ ತೋರಿದ. ಕಪಿಲೆಯ ದಡ ಹಿಡಿದು ಮೇಲಕ್ಕೆ, ಅವನಿಗೆ ಗೊತ್ತಿದ್ದ ಯಜಮಾನರೊಬ್ಬರ ತೆಂಗಿನ ತೋಟ. ಕೇಳಿದ ಕೂಡಲೇ ಒಪ್ಪಿದರು, ಒಂದೇ ಷರತ್ತು: ‘ಮರಳ ಮ್ಯಾಲ ಮಲಗಬ್ಯಾಡಿ. ಡ್ಯಾಮಲ್ಲಿ ನೀರು ಬುಟ್ಟರ ಅದು ನಿಮ್ಮನ್ನ ಕೇಳ್ಕಂಡು ಬರಾಕಿಲ್ಲ. ಕತ್ತಲಾದ ಮ್ಯಾಲ ದಡಕ್ಕೂ ಹೋಗಬ್ಯಾಡಿ, ಮೊಸಳೆ ಅವ.’ ಗುಡಾರ ತೋಟದ ಬದುವಿನ ಮೇಲೆ ಎದ್ದಿತು. ಕೊನೆಗೂ ದೋಣಿಯ ಗಳಿಗೆ ಬಂತು. ತೇಲುಜಾಕೀಟು ಬಿಗಿದು, ಎತ್ತಿಕೊಂಡು ನೀರಿನ ಅಂಚಿಗೆ ಹೋಗುವಷ್ಟರಲ್ಲಿ ಉಸ್ಸೆಂಬ ಸದ್ದು. ಜಾಲಿ ಮುಳ್ಳು! ಐದು ನಿಮಿಷದಲ್ಲಿ ಕೆನಡಾದ ದೋಣಿ ಮತ್ತೆ ಮುದ್ದೆಯಾಯಿತು. ಬಂದ ತಪ್ಪಿಗೆ ಅಂಬಿಗನ ಹರಿಗೋಲಲ್ಲೇ ಹೊತ್ತು ಮುಳುಗುವವರೆಗೆ ತೇಲಿದೆವು. ಮಿಂಚುಳ್ಳಿಯೊಂದು ನಮ್ಮನ್ನು ಹಿಂದೆ ಹಾಕಿತು.

ಮುದ್ದೆ, ಹಿತಕಿದವರೆ ಸಾರು ಯಜಮಾನರ ಮನೆಯಿಂದ ಬಂತು. ಹುಡುಗನ ಒಣ ಊಟದ ಪೊಟ್ಟಣಗಳು ಚೀಲದಲ್ಲೇ ಉಳಿದವು. ಆದರೆ ಮೌನ? ಪಕ್ಕದಲ್ಲೇ ಪಂಪ್‌ಸೆಟ್ಟು ಗೊರಗುಟ್ಟುತ್ತಿದೆ. ಆಚೆ ದಡದ ಊರಿನ ಮೈಕಿನಲ್ಲಿ ಭಜನೆ. ‘ಇದೇನಾ ಮಾವ ಏಕಾಂತ?’ ಎಂದು ಹುಡುಗ ನನ್ನ ಮುಖ ನೋಡಿದ. ಯಜಮಾನರು ಎಲೆಯಡಿಕೆ ಮಡಚುತ್ತ, ‘ತಡೀರಿ, ಹತ್ತಕ್ಕ ತ್ರೀಫೇಸು ಹೋಯ್ತದ. ಆಮೇಲ ಹೊಳೆ ಖಾಲಿ’ ಎಂದು ಎದ್ದು ಹೋದರು.

ಹತ್ತಕ್ಕೆ ಹೋಗಲಿಲ್ಲ, ಹತ್ತೂಕಾಲಿಗೆ ಹೋಯಿತು. ಪೈಪು ಎರಡು ಸಲ ಕೆಮ್ಮಿ ಸುಮ್ಮನಾಯಿತು. ಮೈಕು ಅಷ್ಟು ಹೊತ್ತಿಗೆ ಮಂಗಳ ಹಾಡಿತ್ತು. ಆಗ ಕೇಳಿಸಿತು ಹೊಳೆ. ದೊಡ್ಡ ಸದ್ದೇನಲ್ಲ, ಕತ್ತಲಲ್ಲಿ ಯಾರೋ ಅಕ್ಕಿ ಕೇರುತ್ತಿರುವ ಹಾಗೆ. ಗರಿಯಿಂದ ಗರಿಗೆ ಇಬ್ಬನಿ ತೊಟ್ಟಿಕ್ಕುವುದೂ ಕೇಳಿಸಿತು. ನಡುರಾತ್ರಿ ತಲೆಯ ಮೇಲೆ ಮೂಗಿನಿಂದ ಮಾತಾಡಿಕೊಂಡು ಒಂದು ಗುಂಪು ಹಾದುಹೋಯಿತು: ಹೆಬ್ಬಾತುಗಳು, ಮೇಯಲು ಹೊರಟವು. ದಿನವಿಡೀ ನಾವು ಖಾಲಿ ಜಾಗ ಹುಡುಕಿಕೊಂಡು ಅಲೆದಿದ್ದೆವು. ಅವು ಊರ ನಡುವೆಯೇ ಇದ್ದು ಖಾಲಿ ಹೊತ್ತು ಹುಡುಕಿಕೊಂಡಿದ್ದವು.

ಐದಕ್ಕೆ ಪಂಪು ಮತ್ತೆ ಶುರು. ‘ಸಿಕ್ತಾ?’ ಎಂದರು ಯಜಮಾನರು, ಕಾಫಿಯ ಲೋಟ ಚಾಚುತ್ತ. ‘ಸಿಕ್ತು ಯಜಮಾನ್ರೇ, ಆಲ್ಗಾಂಕ್ವಿನ್‌ಗಿಂತ ಒಂದು ಗುಲಗಂಜಿ ಹೆಚ್ಚೇ’ ಎಂದ ಹುಡುಗ. ಅವರಿಗೆ ಗುಲಗಂಜಿಯೊಂದು ಅರ್ಥವಾಯಿತು, ಅಷ್ಟು ಸಾಕಾಯಿತು.

ದೇವನೂರಿಗೆ ಮರಳಿ, ಸೈಕಲ್ ಶಾಪಿನಲ್ಲಿ ದೋಣಿಗೆ ಪ್ಯಾಚು ಹಾಕಿಸಿ, ಅದನ್ನು ಗೆಳೆಯನ ಜಗಲಿಯಲ್ಲೇ ಬಿಟ್ಟು ಹೊರಟೆವು. ಕಾರು ತಿರುಗಿಸುವಾಗ ನೋಡುತ್ತೇನೆ: ಡೈರಿಗೆ ಹೊರಟಿದ್ದ ಅದೇ ಹೆಂಗಸು ತನ್ನ ಕೂಸನ್ನು ಅದರೊಳಗೆ ಮಲಗಿಸಿದ್ದಾಳೆ. ಕೂಸು ಬಾಯಿ ತೆರೆದು ಸೊಂಪಾಗಿ ನಿದ್ದೆ ಹೋಗಿದೆ.