ಕೌಂಟರಿನ ಮುಂದೆ ನಾನು ಹೇಳಿದ ಸುಳ್ಳು

ಹೈಳ್ ಮತ್ತು ಇಸ್ತಿಹಾಳದ ಪಾಠವನ್ನು ನಾನು ಹೆಣ್ಣುಮಕ್ಕಳಿಗೆ ಹದಿನೆಂಟು ವರ್ಷಗಳಿಂದ ಕಲಿಸುತ್ತಿದ್ದೇನೆ. ಮುಟ್ಟಿನ ಗರಿಷ್ಠ ಅವಧಿ ಶಾಫಿಈ ಮದ್‌ಹಬ್‌ನಲ್ಲಿ 15 ದಿನ, ಹನಫಿಯಲ್ಲಿ 10 ದಿನ. ಮೀರಿದರೆ ಅದು ಇಸ್ತಿಹಾಳ, ನಮಾಝ್ ಬಿಡುವಂತಿಲ್ಲ. ಫಾತಿಮಾ ಬಿಂತ್ ಅಬೀ ಹುಬೈಶ್(ರ) ತಮ್ಮ ನಿಲ್ಲದ ಸ್ರಾವದ ಕುರಿತು ಪ್ರವಾದಿ(ಸ)ರಲ್ಲಿ ನೇರವಾಗಿ ಕೇಳಿದಾಗ, ಅದು ಮುಟ್ಟಲ್ಲ, ರಕ್ತನಾಳದಿಂದ ಬರುವಂಥದ್ದು ಎಂಬ ಉತ್ತರ ದೊರೆತ ಪ್ರಸಂಗವನ್ನು ಪ್ರತಿ ವರ್ಷ ಹೇಳುತ್ತೇನೆ.

ಕಳೆದ ವರ್ಷ ನನ್ನ ದೇಹದಲ್ಲೇ ಆ ಲೆಕ್ಕ ತಪ್ಪಿತು. ಹದಿನಾರನೆಯ ದಿನ ಸ್ನಾನ ಮಾಡಿದೆ; ಪ್ರತಿ ಫರ್ಳ್ ನಮಾಝಿಗೂ ಹೊಸದಾಗಿ ವುಳೂ ಮಾಡಿದೆ. ವಿಧಿಯಲ್ಲಿ ಕೂದಲೆಳೆಯಷ್ಟೂ ಲೋಪವಾಗಲಿಲ್ಲ. ಆದರೆ ರಕ್ತನಾಳದ ತೊಂದರೆಯೆಂದರೆ ರೋಗ, ಅದಕ್ಕೆ ವೈದ್ಯರಿದ್ದಾರೆ ಎಂಬುದು ನಾಲ್ಕು ತಿಂಗಳು ನನಗೆ ಹೊಳೆಯಲೇ ಇಲ್ಲ. ಮದ್ರಸದ ಮೆಟ್ಟಿಲಲ್ಲಿ ಏದುಸಿರು ಬಂದು ಕುಳಿತ ದಿನ ಮಗಳು, "ಉಮ್ಮಾ, ಇನ್ನೂ ಹೊರಡದಿದ್ದರೆ ಜಿದ್ದಾಕ್ಕೆ ಫೋನ್ ಮಾಡಿ ಉಪ್ಪನಿಗೆ ಹೇಳುತ್ತೇನೆ" ಎಂದಳು. ಹೊರಟೆ.

ಅದು ನಮ್ಮ ತಾಲೂಕು ಕೇಂದ್ರದ ಒಂದು ಹೆರಿಗೆ ಮತ್ತು ಸ್ತ್ರೀರೋಗ ಚಿಕಿತ್ಸಾಲಯ. ಕೌಂಟರಿನ ಗಾಜಿನ ಹಿಂದೆ ಕುಳಿತಿದ್ದ ಯುವತಿ ತಲೆಯೆತ್ತದೆ ಕೇಳಿದಳು: "ಏನು ತೊಂದರೆ? ಕೊನೆಯ ಮುಟ್ಟು ಯಾವಾಗ? ಬ್ಲೀಡಿಂಗ್ ಎಷ್ಟು ದಿನದಿಂದ?" ಗಾಜು ಅಡ್ಡವಿದ್ದುದರಿಂದ ಅವಳಿಗೆ ಗಟ್ಟಿಯಾಗಿ ಹೇಳಬೇಕಿತ್ತು, ನನಗೂ ಗಟ್ಟಿಯಾಗಿ ಹೇಳಬೇಕಿತ್ತು. ನನ್ನ ಹಿಂದೆ ಗರ್ಭಿಣಿ ಪತ್ನಿಯೊಡನೆ ನಿಂತಿದ್ದವರು ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ. "ಹೊಟ್ಟೆನೋವು" ಎಂದೆ. ಅವಳು ಹಾಗೆಯೇ ಬರೆದುಕೊಂಡಳು.

ಹೊಟ್ಟೆನೋವಿಗೆ ಅವಸರವಿಲ್ಲ. ನನ್ನ ಟೋಕನ್ ಹಿಂದೆ ಬಿದ್ದಿತು. ಮೂರು ಗಂಟೆ ಕುಳಿತೆ. ಭ್ರೂಣಲಿಂಗ ಪತ್ತೆ ಅಪರಾಧವೆಂಬ ಫಲಕವನ್ನು ಎಷ್ಟು ಬಾರಿ ಓದಿದೆನೋ! ಎದ್ದು ಮನೆಗೆ ಹೋಗೋಣವೆಂದು ಎರಡು ಬಾರಿ ಬ್ಯಾಗ್ ಎತ್ತಿಕೊಂಡಿದ್ದೆ.

ಬಿ.ಪಿ. ನೋಡಲು ಕರೆದ ಹಿರಿಯ ನರ್ಸ್ ನನ್ನ ಉಗುರು ನೋಡಿದರು, ಕೆಳಗಿನ ರೆಪ್ಪೆ ಸರಿಸಿ ನೋಡಿದರು. ಪರದೆ ಎಳೆದು, ಕಿವಿಯ ಬಳಿ ಬಂದು, "ಟೀಚರ್, ಬ್ಲೀಡಿಂಗ್ ಉಂಟಾ?" ಎಂದು ಕೇಳಿದರು. ನಾಲ್ಕು ತಿಂಗಳು ಕಟ್ಟಿಟ್ಟಿದ್ದ ಅಳು ಅಲ್ಲಿ ಒಡೆಯಿತು. ಅವರು ನನ್ನ ಚೀಟಿಯಲ್ಲಿ ಒಂದು ಪದ ಹೊಡೆದುಹಾಕಿ ಇನ್ನೊಂದನ್ನು ಬರೆದು, ತಾವೇ ಒಳಗೆ ಕೊಟ್ಟು ಬಂದರು.

ಹಿಮೋಗ್ಲೋಬಿನ್ 7.1. ಮಹಿಳೆಗೆ 12 ಇರಬೇಕು. ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಗಡ್ಡೆ ಕಂಡಿತು. ಇದು ಅನೇಕರಲ್ಲಿ ಇರುತ್ತದೆ, ಕ್ಯಾನ್ಸರ್ ಆಗಿರುವುದು ತೀರಾ ಅಪರೂಪ ಎಂದು ಡಾಕ್ಟರು ತಾಳ್ಮೆಯಿಂದ ವಿವರಿಸಿ, ಕಬ್ಬಿಣಾಂಶದ ಡ್ರಿಪ್ ಬರೆದುಕೊಟ್ಟರು. ಒಳ್ಳೆಯ ಡಾಕ್ಟರು. ಆದರೆ ಅವರ ಕೋಣೆಗೆ ಹೋಗುವ ದಾರಿ ಆ ಗಾಜಿನ ಮುಂದಿನಿಂದಲೇ ಹಾದುಹೋಗುತ್ತದೆ.

ಮುಂದಿನ ಭೇಟಿಯಲ್ಲಿ ಆ ಯುವತಿಗೆ ನಡೆದುದನ್ನು ಹೇಳಿದೆ. ಅವಳ ಮುಖ ಬಾಡಿತು. "ದಿನಕ್ಕೆ ಅರುವತ್ತು ಜನ ಬರ್ತಾರೆ ಮೇಡಂ. ಕೇಳದೆ ಟೋಕನ್ ಕೊಡುವ ಹಾಗಿಲ್ಲ. ಇಷ್ಟರವರೆಗೆ ಯಾರೂ ಹೇಳಲಿಲ್ಲ" ಎಂದಳು. ಸ್ವಲ್ಪ ಹೊತ್ತಿನ ಬಳಿಕ ನನ್ನ ಹಿಂದಿದ್ದಾಕೆಗೆ ಅವಳು ಗಾಜಿನ ಕೆಳಗಿನಿಂದ ಚೀಟಿ, ಪೆನ್ನು ಜಾರಿಸಿ, "ಇದರಲ್ಲಿ ಬರೆದು ಕೊಡಿ ಅಕ್ಕಾ" ಎನ್ನುತ್ತಿರುವುದು ಕೇಳಿಸಿತು.

ಮನೆಗೆ ಬರುವ ಬಸ್ಸಿನಲ್ಲಿ ನನಗೆ ನನ್ನದೇ ತರಗತಿ ನೆನಪಾಯಿತು. ಳುಹ್ರ್ ನಮಾಝಿಗೆ ಎದ್ದೇಳದ ಹುಡುಗಿಯರನ್ನು ನಾನು ಹೆಸರು ಹಿಡಿದು ಕೂಗಿ ಕೇಳುತ್ತಿದ್ದೆ: "ನಿನಗೇಕೆ ನಮಾಝ್ ಇಲ್ಲ?" ಹಲಗೆಯ ಗೋಡೆಯ ಆಚೆ ಗಂಡುಮಕ್ಕಳ ತರಗತಿ. ಎಷ್ಟು ಮಂದಿ ಹುಡುಗಿಯರು ಆ ಪ್ರಶ್ನೆಗೆ ಹೆದರಿ, ನಮಾಝಿಲ್ಲದ ದಿನದಲ್ಲೂ ಸಾಲಿನಲ್ಲಿ ನಿಂತು ಬಾಗಿದ್ದರೋ ಅಲ್ಲಾಹನೇ ಬಲ್ಲ.

ಈಗ ಕೇಳುವುದಿಲ್ಲ. ಕಳೆದ ತಿಂಗಳು ಪಾಠ ಮುಗಿದ ಮೇಲೆ ಒಬ್ಬಳು ಬಾಗಿಲಲ್ಲಿ ತಡೆದು ನಿಂತಳು. ಅವಳಿಗೆ ಹದಿನೇಳು ದಿನವಾಗಿತ್ತು. ನಮಾಝ್ ಮಾಡಬೇಕೇ ಎಂದು ತಿಳಿಯಬೇಕಿತ್ತು. ವಿಧಿ ಹೇಳಿದೆ. ಬಳಿಕ ಅವಳ ಉಗುರು ನೋಡಿದೆ. ಸಂಜೆ ಅವಳ ಉಮ್ಮನಿಗೆ ಫೋನ್ ಮಾಡಿದೆ. ಶನಿವಾರ ಮೂವರೂ ಒಟ್ಟಿಗೆ ಆ ಚಿಕಿತ್ಸಾಲಯಕ್ಕೆ ಹೋದೆವು.