ನಮ್ಮ ಮನೆಗೊಂದು ತೂಬು

ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎಂದು ನಮ್ಮ ಕಡೆ ಒಂದು ಮಾತಿದೆ. ಅಂಥ ಕನಕಗಿರಿಗೆ ನಾನು ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಯಿತು. ಗುಡಿ ನೋಡಿದೆ, ತೇರು ನೋಡಿದೆ, ವೆಂಕಟಪ್ಪನ ಬಾವಿಯ ಕಲ್ಲಿನ ಕೆತ್ತನೆಯನ್ನೂ ನೋಡಿದೆ. ನನ್ನ ಸ್ವಂತ ಮನೆಯಲ್ಲಿ ಇರಬೇಕಾದ ಅಂಗೈಯಗಲದ ಒಂದು ವಸ್ತು ಇಲ್ಲ ಎನ್ನುವುದನ್ನು ಮಾತ್ರ ನೋಡಿರಲಿಲ್ಲ.

2025ರ ಮಾರ್ಚ್ ತಿಂಗಳು. ಸಂಬಂಧಿಕರ ಮನೆಯ ನಿಶ್ಚಿತಾರ್ಥಕ್ಕೆಂದು ನಾನೂ ನನ್ನ ಯಜಮಾನರೂ ಬೈಕಿನಲ್ಲಿ ಗಂಗಾವತಿಗೆ ಹೋಗಿದ್ದೆವು. ಮನೆಯಲ್ಲಿ ಎಪ್ಪತ್ತು ದಾಟಿದ ನಮ್ಮತ್ತೆ, ಐದನೇ ತರಗತಿಯ ಮಗ, ಇಬ್ಬರೇ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಫೋನು ಬಂತು.

"ಅವ್ವಾ, ನೀರು ನಿಂದ್ರವಲ್ದು!"

"ನಳ ಸರಿಯಾಗಿ ತಿರುವಪ್ಪಾ" ಅಂದೆ.

"ನಳದಾಗಲ್ಲವ್ವಾ, ಪೈಪಿನಾಗ! ಪೈಪು ಮುರಿದೈತಿ. ಎಲ್ಲಿ ಬಂದ್ ಮಾಡೂದು ಹೇಳು!"

ಬಾಯಿ ತೆರೆದೆ, ಹೇಳಲು ಏನೂ ಇರಲಿಲ್ಲ. ಮಾಳಿಗೆಯ ಮೇಲೆ ಸಾವಿರ ಲೀಟರಿನ ಟ್ಯಾಂಕು. ಅಲ್ಲಿಂದ ಹಿತ್ತಲ ಗೋಡೆಗುಂಟ ಇಳಿದ ಒಂದೇ ಪೈಪು ಅಡುಗೆಮನೆಗೂ ಬಚ್ಚಲಿಗೂ ಕವಲೊಡೆದು ಹೋಗುತ್ತದೆ. ಆ ಕವಲಿಗಿಂತ ಮೇಲೆ ಪೈಪು ಮುರಿದರೆ ನೀರು ನಿಲ್ಲಿಸುವ ದಾರಿಯೇ ಇಲ್ಲ. ಮಾಳಿಗೆ ಹತ್ತಿ, ಟ್ಯಾಂಕಿನೊಳಗೆ ಕೈ ಹಾಕಿ, ತಳದ ತೂತಿಗೆ ಬಟ್ಟೆ ತುರುಕಬೇಕು, ಅಷ್ಟೇ. ಇದು ನನಗೆ ಹೊಳೆಯುವ ಮೊದಲೇ ಅತ್ತೆಗೆ ಹೊಳೆದಿತ್ತು.

"ಅಜ್ಜಿ ಏಣಿ ಹತ್ತಾಕತ್ತಾಳವ್ವಾ..."

"ಬ್ಯಾಡ ಅನ್ನು! ನೀರು ಹೋದ್ರ ಹೋಗಲಿ, ಹತ್ತಬ್ಯಾಡ ಅನ್ನು!" ನಾನು ಕೂಗಿದ್ದಕ್ಕೆ ಪಂಕ್ತಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅತ್ತ ಏನೋ ಬಿದ್ದ ಸದ್ದಾಯಿತು, ಫೋನು ಕಡಿದುಹೋಯಿತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ.

ಬಡಿಸಿದ ಎಲೆ ಬಿಟ್ಟು ಎದ್ದೆವು. ಗಂಗಾವತಿಯಿಂದ ಕನಕಗಿರಿ ಅಂಥ ದೂರದ ದಾರಿಯಲ್ಲ. ಆದರೆ ಆ ರಾತ್ರಿಯಷ್ಟು ಉದ್ದದ ದಾರಿಯನ್ನು ನಾನು ಇನ್ನೊಮ್ಮೆ ಕಂಡಿಲ್ಲ. ಕನಕಾಚಲಪತಿಗೆ ಎಷ್ಟು ಹರಕೆ ಹೊತ್ತೆನೋ ಲೆಕ್ಕವಿಲ್ಲ.

ಮನೆಗೆ ಬಂದರೆ ಕಾಲಿಡಲು ಜಾಗವಿಲ್ಲ. ಕೊಡ, ಹಂಡೆ, ಬಕೆಟ್ಟು, ಹಿಟ್ಟು ನಾದುವ ಪರಾತ, ಕೊನೆಗೆ ಮಗನ ಊಟದ ಡಬ್ಬಿ ಕೂಡ ನೀರು ತುಂಬಿಕೊಂಡು ಕೂತಿದ್ದವು. ಅತ್ತೆ ಕಟ್ಟೆಯ ಮೇಲೆ ಕುಳಿತಿದ್ದರು. ಬಲ ಮುಂಗೈ ಬದನೆಕಾಯಿಯಂತೆ ಬಾತಿತ್ತು. ಏಣಿಯ ಎರಡನೇ ಮೆಟ್ಟಿಲಲ್ಲೇ ಒದ್ದೆ ಕಾಲು ಜಾರಿತ್ತಂತೆ. ಬಿದ್ದವರು ಎದ್ದು, ಎಡಗೈಯಲ್ಲೇ ಹಳೆಯ ಸೀರೆಯನ್ನು ಮುರಿದ ಪೈಪಿಗೆ ಸುತ್ತಿ, ಅದರ ಸೆರಗು ಕೊಡದ ಬಾಯಿಗೆ ಬರುವಂತೆ ಇಳಿಬಿಟ್ಟಿದ್ದರು. ಮೊಮ್ಮಗ ಪಾತ್ರೆ ಬದಲಿಸುತ್ತಾ ಹೋಗಿದ್ದ. ಪಕ್ಕದ ಮನೆಯವರೂ ಕೊಡ ತಂದು ತುಂಬಿಸಿಕೊಂಡಿದ್ದರು.

"ಏಣಿ ಕೈಬಿಟ್ಟಿತು, ನೀರನ್ನ ನಾ ಬಿಡಲಿಲ್ಲ ನೋಡವ್ವಾ" ಅಂದರು ನಗುತ್ತಾ. ನಮ್ಮ ಓಣಿಗೆ ನಳದ ನೀರು ದಿನವೂ ಬರುವುದಿಲ್ಲ. ಬಂದ ದಿನ ತುಂಬಿಟ್ಟುಕೊಂಡ ನೀರು ಕಣ್ಣೆದುರಿಗೆ ಹರಿದುಹೋಗುವುದನ್ನು ಅವರಿಂದ ನೋಡಲಾಗಿರಲಿಲ್ಲ.

ಮರುದಿನ ಡಾಕ್ಟರು, ಎಲುಬು ಸಣ್ಣಗೆ ಸೀಳಿದೆ ಎಂದು ಪಟ್ಟಿ ಹಾಕಿದರು. ನಾಲ್ಕು ವಾರ ಅತ್ತೆ ತಮ್ಮ ಕೈಯಾರೆ ರೊಟ್ಟಿ ಬಡಿಯುವಂತಿರಲಿಲ್ಲ.

ಆ ರಾತ್ರಿ ಮಗ ನಿದ್ದೆ ಮಾಡಲಿಲ್ಲ. "ನಾ ಬೇಕಂತ ಮುರಿದಿಲ್ಲವ್ವಾ, ಸೈಕಲ್ ಆನಿಸಿದ್ದೆ ಅಷ್ಟ" ಎಂದು ಮತ್ತೆ ಮತ್ತೆ ಹೇಳಿದ. ಅವನದೇನು ತಪ್ಪು? ಹಿತ್ತಲ ಬಿಸಿಲಿಗೆ ಅಷ್ಟು ವರ್ಷ ಬೆಂದ ಪ್ಲಾಸ್ಟಿಕ್ ಪೈಪು ಹಪ್ಪಳದಂತಾಗಿತ್ತು. ಇನ್ನೇನು ಕಣ್ಣು ಮುಚ್ಚಿದ ಅಂದುಕೊಳ್ಳುವಷ್ಟರಲ್ಲಿ ಕೇಳಿದ:

"ಅವ್ವಾ, ನಮ್ಮ ಮನಿಗೂ ಒಂದು ಸ್ಟಾಪ್‌ಲಾಗ್ ಇರಬೇಕಿತ್ತಲ್ಲಾ?"

ನನ್ನ ಮಾತನ್ನೇ ಅವನು ನನಗೆ ತಿರುಗಿಸಿದ್ದ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು, ಸರಪಳಿ ತುಂಡಾಗಿ ಕೊಚ್ಚಿಹೋಗಿತ್ತು. 1953ರಲ್ಲಿ ಮುಗಿದ ಅಣೆಕಟ್ಟು, 33 ಗೇಟುಗಳಲ್ಲಿ ಒಂದು ಹೋಯಿತು. ಅಣೆಕಟ್ಟಿನ ಮೇಲೆ ಒತ್ತಡ ಕಡಿಮೆಯಾಗಲೆಂದು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ತುಂಬಿ ನಿಂತಿದ್ದ ನೀರು ಹಗಲೂ ರಾತ್ರಿ ನದಿಗೆ ಹರಿಯಿತು. ಎಡದಂಡೆ ಕಾಲುವೆಯ ನೀರು ನಂಬಿ ಭತ್ತ ನಾಟಿ ಮಾಡಿದ್ದ ನನ್ನ ತವರಿನವರು ಆ ವಾರ ನೆಟ್ಟಗೆ ಊಟ ಮಾಡಲಿಲ್ಲ. ಗೇಟು ತಜ್ಞ ಕನ್ಹಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, 60 ಅಡಿ ಅಗಲದ ಆ ಬಾಯಿಗೆ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿದರು. ಅದಕ್ಕೇ ಸ್ಟಾಪ್‌ಲಾಗ್ ಅನ್ನುತ್ತಾರೆ. ಹರಿಯುವ ನೀರಿನಲ್ಲೇ ಆಗಸ್ಟ್ 16ರಂದು ಮೊದಲ ತುಂಡು ಕೂತಾಗ ನಮ್ಮ ಓಣಿಯಲ್ಲಿ ಟಿ.ವಿ. ಮುಂದೆ ಚಪ್ಪಾಳೆ ಬಿತ್ತು. ಮರುದಿನ ಕೆಲಸ ಮುಗಿಯಿತು. ಮುಂದೆ ಮಳೆಯೂ ಕೈ ಹಿಡಿದು ಅಣೆಕಟ್ಟು ಮತ್ತೆ ತುಂಬಿತು.

ಆಗ ಇದೇ ಪಡಸಾಲೆಯಲ್ಲಿ ಕುಳಿತು ನಾನು, "ಇಷ್ಟು ದೊಡ್ಡ ಡ್ಯಾಮಿಗೆ ಮೊದಲೇ ಒಂದು ಸ್ಟಾಪ್‌ಲಾಗ್ ಮಾಡಿಟ್ಟುಕೊಳ್ಳಬಾರದಾಗಿತ್ತಾ?" ಎಂದು ಜಾಣತನ ಮೆರೆದಿದ್ದೆ. ಮಗ ಅದನ್ನು ಮರೆತಿರಲಿಲ್ಲ.

ಇನ್ನೂ ಒಂದು ಮಾತು ಒಪ್ಪಿಕೊಳ್ಳಬೇಕು. ಮನೆ ಕಟ್ಟುವಾಗ ಪೈಪಿನ ಕೆಲಸದ ಕಾಕಾ ಹೇಳಿದ್ದರು: "ತಂಗೀ, ಟ್ಯಾಂಕಿನ ಬಾಯಿಗೊಂದು, ಕವಲಿಗೊಂದೊಂದು ವಾಲ್ ಹಾಕಿಸ್ಕೋರಿ." ಕಣ್ಣಿಗೆ ಕಾಣದ ಕೆಲಸಕ್ಕೆ ದುಡ್ಡೇಕೆ ಎಂದು ನಾನೇ ಬೇಡವೆಂದೆ. ಉಳಿದ ದುಡ್ಡಿನಲ್ಲಿ ಅಡುಗೆಮನೆಗೆ ಹೂವಿನ ಚಿತ್ರದ ಟೈಲ್ಸ್ ಬಂತು. ಬಂದವರೆಲ್ಲ ಹೊಗಳಿದರು. ಅತ್ತೆಯ ಕೈಯ ಪಟ್ಟಿ ನೋಡಿದಾಗಲೆಲ್ಲ ಆ ಹೂವುಗಳು ನನ್ನನ್ನು ಅಣಕಿಸಿದವು.

ಎರಡು ದಿನ ಬಿಟ್ಟು ಅದೇ ಕಾಕಾ ಬಂದರು. ಹಂಗಿಸುವ ಒಂದು ಮಾತೂ ಆಡಲಿಲ್ಲ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಶುರು ಮಾಡಿದರು. ಚೀಲದಿಂದ ಎರಡು ವಾಲ್ ತೆಗೆದು ತೋರಿಸಿದರು. ಒಂದರ ತಲೆಯ ಮೇಲೆ ಚಕ್ರ. ಅದು ಗೇಟ್ ವಾಲ್. ಚಕ್ರ ಹಲವು ಸುತ್ತು ತಿರುಗಿಸಿದರೆ ಒಳಗಿನ ಬಾಗಿಲು ಇಳಿಯುತ್ತದೆ, ಥೇಟ್ ಡ್ಯಾಮಿನ ಗೇಟಿನಂತೆ. ಇನ್ನೊಂದು ಬಾಲ್ ವಾಲ್. ಒಳಗೆ ನಡುವೆ ತೂತಿರುವ ಗುಂಡು. ಹಿಡಿಕೆಯನ್ನು ಕಾಲು ಸುತ್ತು ತಿರುಗಿಸಿದರೆ ತೂತು ಅಡ್ಡವಾಗಿ ನೀರು ನಿಲ್ಲುತ್ತದೆ.

"ಹಿಡಿಕಿ ಪೈಪಿನ ಗುಂಟ ಇದ್ರ ನೀರು ಹರಿತೈತಿ, ಅಡ್ಡ ಇದ್ರ ನಿಂತೈತಿ. ಕತ್ತಲಾಗೂ ಕೈಯಿಂದ ಮುಟ್ಟಿ ಹೇಳಬಹುದು. ಮನಿಗೆ ಇದ ಚಲೋ" ಅಂದರು ಕಾಕಾ.

ಟ್ಯಾಂಕು ಖಾಲಿ ಮಾಡಿ, ಪೈಪಿಗೆ ಗುರುತು ಹಾಕಿ, ಗರಗಸದ ಬ್ಲೇಡಿನಿಂದ ನೆಟ್ಟಗೆ ಕತ್ತರಿಸಿದರು. ಅಂಚಿನ ಚೂರುಗಳನ್ನು ಉಜ್ಜಿ ತೆಗೆದರು. "ಒಂದು ಸಣ್ಣ ಚೂರು ಒಳಗ ಉಳಿದ್ರೂ ಗುಂಡಿಗೆ ಸಿಕ್ಕೊಂಡು ನೀರು ಸೋರತೈತಿ." ಒದ್ದೆಯನ್ನು ಒರೆಸಿ ಒಣಗಿಸಿ, ಅಂಟನ್ನು ಪೈಪಿಗೂ ಜೋಡಣೆಗೂ ತೆಳ್ಳಗೆ ಸವರಿ, ಒತ್ತಿ, ಸ್ವಲ್ಪ ಹೊತ್ತು ಹಾಗೇ ಹಿಡಿದರು. ವಾಲ್ ಪಕ್ಕದಲ್ಲೊಂದು ಯೂನಿಯನ್ ಕೂಡಿಸಿದರು. ಮುಂದೆ ವಾಲ್ ಕೆಟ್ಟರೆ ಪೈಪು ಕತ್ತರಿಸದೆ ಬಿಚ್ಚಿ ಬದಲಾಯಿಸಬಹುದು. ತಿರುವುವ ಕೈಯ ಬಲ ಪೈಪಿನ ಮೇಲೆ ಬೀಳದಿರಲೆಂದು ಗೋಡೆಗೆ ಕ್ಲಾಂಪು ಬಡಿದರು. ಅಂಟು ಪೂರ್ತಿ ಒಣಗುವವರೆಗೆ ನೀರು ಬಿಡಲು ಬಿಡಲಿಲ್ಲ. ಒಟ್ಟು ಮೂರು ವಾಲ್: ಟ್ಯಾಂಕಿನ ಬಾಯಿಗೊಂದು, ಅಡುಗೆಮನೆಗೊಂದು, ಬಚ್ಚಲಿಗೊಂದು.

"ಕಾಕಾ, ಟ್ಯಾಂಕಿನ ವಾಲ್ ಮಾಳಿಗಿ ಮ್ಯಾಲ ಬ್ಯಾಡ" ಅಂದೆ. ಅವರಿಗೆ ಅರ್ಥವಾಯಿತು. ಟ್ಯಾಂಕಿನಿಂದ ಮಾಳಿಗೆಯ ಅಂಚಿನವರೆಗೆ ಇದ್ದ ಹಳೆಯ ಪೈಪನ್ನೂ ಬದಲಿಸಿ, ಇಳಿಯುವ ಪೈಪನ್ನು ಒಳಗಿನ ಮೂಲೆಗುಂಟ ಬಿಸಿಲು ತಾಗದಂತೆ ತಂದು, ವಾಲ್ ಅನ್ನು ಅತ್ತೆಯ ಎದೆಮಟ್ಟಕ್ಕೆ ಕೂಡಿಸಿದರು. ಇನ್ನು ಏಣಿ ಬೇಕಿಲ್ಲ. ಖರ್ಚು? ನಾನು ನಿಶ್ಚಿತಾರ್ಥಕ್ಕೆ ಉಟ್ಟಿದ್ದ ಸೀರೆಯ ಬೆಲೆಯನ್ನೂ ಮುಟ್ಟಲಿಲ್ಲ.

ಎಲ್ಲವನ್ನೂ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ ಅತ್ತೆ, "ಇದು ತೂಬಲ್ಲೇನು?" ಅಂದರು. ಅವರ ತವರು ಆನೆಗೊಂದಿಯ ಕಡೆ, ವಿಜಯನಗರದ ಕಾಲದ ಕಾಲುವೆಗಳು ಇಂದಿಗೂ ಹರಿಯುವ ಸೀಮೆ. "ಕೆರಿ ಕಟ್ಟೋರು ತೂಬು ಇಡಲಾರದ ಏರಿ ಹಾಕ್ತಿದ್ದಿಲ್ಲ. ಬಾವಿ ನೀರು ನಾವು ಸೇದಿದ್ರ ಬರ್ತಿತ್ತು, ಕೈಬಿಟ್ರ ಅಲ್ಲೇ ನಿಲ್ತಿತ್ತು. ಈ ಪೈಪಿನ ನೀರು ಬ್ಯಾಡಂದ್ರೂ ಬರ್ತೈತಿ. ಸಾಕು ಅನ್ನಾಕ ಅದಕ್ಕೊಂದು ಜಾಗ ಇಡಬೇಕಲ್ಲ?"

ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನನಗೆ ಹದಿನಾಲ್ಕು ವರ್ಷ ಹೊಳೆಯದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟರು. ನೀರು ಮನೆಗೆ ತರಲು ನಾವು ಎಷ್ಟು ಒದ್ದಾಡುತ್ತೇವೆ! ಅದನ್ನು ನಿಲ್ಲಿಸುವ ಬಗೆ ಯೋಚಿಸುವುದು ಪೈಪು ಮುರಿದ ಮೇಲೆ.

ಹೋಗುವಾಗ ಕಾಕಾ ಒಂದು ಮಾತು ಹೇಳಿ ಹೋದರು: "ವಾಲ್ ಹಾಕಿ ಮರತುಬಿಟ್ರ ಅದೂ ಜಡ ಹಿಡಿತೈತಿ. ಆಗಾಗ ಒಮ್ಮೆ ತಿರುವಿ ನೋಡ್ರಿ." ಈಗ ಪ್ರತಿ ಅಮಾವಾಸ್ಯೆಗೆ, ಮನೆ ತೊಳೆಯುವ ದಿನ, ಮಗ ಮೂರೂ ವಾಲ್‌ಗಳನ್ನು ಮುಚ್ಚಿ ತೆರೆಯುತ್ತಾನೆ. ಗ್ಯಾಸ್ ಸಿಲಿಂಡರಿನ ಗುಂಡಿ, ಕರೆಂಟಿನ ಮೇನ್ ಸ್ವಿಚ್ಚು ಎಲ್ಲಿವೆ ಎಂಬುದನ್ನೂ ಕಲಿತಿದ್ದಾನೆ. ನಿಮ್ಮ ಮನೆಯ ಮಕ್ಕಳನ್ನೂ ಇವತ್ತು ಸಂಜೆ ಒಮ್ಮೆ ಕೇಳಿ ನೋಡಿ: "ಪೈಪು ಮುರಿದರೆ ನೀರು ಎಲ್ಲಿ ನಿಲ್ಲಿಸ್ತೀ?" ಉತ್ತರ ನಿಮಗೇ ಗೊತ್ತಿಲ್ಲದಿದ್ದರೆ ನಾಚಿಕೆ ಬೇಡ. ನನಗೂ ಗೊತ್ತಿರಲಿಲ್ಲ.

ಅತ್ತೆಯ ಪಟ್ಟಿ ಬಿಚ್ಚಿದ ದಿನ ಅವರು ರೊಟ್ಟಿಗೆ ಕೂರುವ ಮೊದಲು ನೇರ ಆ ಮೂಲೆಗೆ ಹೋದರು. ಸೆಟೆದುಕೊಂಡಿದ್ದ ಬಲಗೈಯಿಂದಲೇ ಹಿಡಿಕೆಯನ್ನು ಅಡ್ಡ ತಿರುವಿದರು. ಬಚ್ಚಲಲ್ಲಿ ಕೈ ತೊಳೆಯುತ್ತಿದ್ದ ಮಗ ಕೂಗಿದ, "ಅಜ್ಜೀ, ನೀರು ನಿಂತ್ವು!"

"ನಿಲ್ಲಲಿ ಬಿಡೋ" ಅಂದರು ಅತ್ತೆ, ಮತ್ತೆ ತೆರೆಯುತ್ತಾ. "ಹೇಳಿದ ಮಾತು ಕೇಳತೈತೋ ಇಲ್ಲೋ ನೋಡಿದೆ."